ಗಟ್ಟಿಯೋ ಮೆತ್ತಗೋ

"ಭಾವ, ಆ ದಿಂಬು ಬಿಡಿ. ಅಕ್ಕನಿಗೆ ಇನ್ನು ಯಾವುದಾದ್ರೇನು?" ನಾದಿನಿ ಕೈ ಹಿಡಿದಳು. ಅವರು ಬಿಡಲಿಲ್ಲ. ತೀರಿಹೋದ ಹೆಂಡತಿಯ ತಲೆಯನ್ನು ಮೆಲ್ಲನೆ ಎತ್ತಿ, ಹಳೆಯದನ್ನು ತೆಗೆದು, ತಮ್ಮ ಅಂಗಡಿಯ ಹೊಸ ದಿಂಬು ಇಟ್ಟರು. ಜೀವಮಾನವೆಲ್ಲ ಹಾಸಿಗೆ ಮಾರಿದ ಮನುಷ್ಯ. ಚಪ್ಪಟೆಯಾದ ದಿಂಬು ಕಣ್ಣೆದುರಿಗಿದ್ದರೆ ಅವರಿಗೆ ಅಳುವುದಕ್ಕೂ ಮನಸ್ಸು ಬಾರದು.

ಬಾಗಿಲ ಬಳಿ ಅವಳ ಸಂಶೋಧನಾಲಯದವರು ಪಿಸುಗುಟ್ಟುತ್ತಿದ್ದರು. "ಮೇಡಮ್ ಲೆಕ್ಕ ತಪ್ಪು ಅಂತಾಯ್ತಲ್ಲ, ಪಾಪ."

"ಮೆಲ್ಲಗೆ. ಯಜಮಾನ್ರಿಗೆ ಕೇಳಿಸೀತು."

ಕೇಳಿಸಿಯೇಬಿಟ್ಟಿತ್ತು.

*

ಮದುವೆಯಾದ ಹೊಸತರಲ್ಲಿ ಅವಳ ಕೆಲಸವೇನೆಂದು ಕೇಳಿದ್ದರು.

"ದೊಡ್ಡ ನಕ್ಷತ್ರ ಸತ್ತು ಕುಸಿದ್ರೆ ನ್ಯೂಟ್ರಾನ್ ನಕ್ಷತ್ರ ಅಂತ ಒಂದು ಉಂಡೆ ಉಳಿಯುತ್ತೆ. ಊರಗಲ ಇದ್ರೂ ಸೂರ್ಯನಿಗಿಂತ ಭಾರ. ಪರಮಾಣುವಿನ ಬೀಜದೊಳಗಿರೋ ಸರಕೇ ಅಲ್ಲೂ ಒತ್ತೊತ್ತಾಗಿ ತುಂಬಿರುತ್ತೆ. ಅದು ಗಟ್ಟಿಯೋ ಮೆತ್ತಗೋ ಅನ್ನೋದೇ ನನ್ನ ಲೆಕ್ಕ."

"ಕೊಯ್ದು ನೋಡೋಕಾಗಲ್ವಾ?"

"ಎಲ್ಲಾದ್ರೂ ಉಂಟಾ? ಅದರ ಭಾರ, ಅಗಲ ದೂರದಿಂದ್ಲೇ ಅಳೆದು, ಇಲ್ಲಿ ಸೀಸದ ಪರಮಾಣು ಬೀಜ ಅಳೆದು, ಎರಡೂ ತಾಳೆ ನೋಡ್ಬೇಕು. ಮೆತ್ತಗೇ ಇರುತ್ತೆ ನೋಡಿ."

"ಅಷ್ಟು ಭಾರ ಹೊರೋದು ಮೆತ್ತಗಿರುತ್ತಾ? ಗಟ್ಟಿನೇ."

"ಅದೇನು ನಿಮ್ಮ ಹಾಸಿಗೆ ಅಂದ್ಕೊಂಡ್ರಾ?"

ಆ ಜಗಳ ಮಕ್ಕಳು ದೊಡ್ಡವರಾದರೂ ಮುಗಿಯಲಿಲ್ಲ. ಅವಳು ಮುನಿದು ಕೂತಾಗ ಅವರು "ಗಟ್ಟಿ" ಎನ್ನುವರು. "ಮೆತ್ತಗೆ" ಎಂದು ಉತ್ತರ ಬಂದರೆ ಸಿಟ್ಟು ಇಳಿಯಿತು ಎಂದೇ ಅರ್ಥ.

*

ಅವಳ ಸಹೋದ್ಯೋಗಿಯನ್ನು ಮನೆಯವರೆಲ್ಲ ಉದ್ದಪ್ಪ ಎಂದೇ ಕರೆಯುತ್ತಿದ್ದರು. ಬಾಗಿಲ ಬಳಿಯಿದ್ದ ಅವನನ್ನು ಯಜಮಾನರು ಅಡುಗೆಮನೆಗೆ ಎಳೆದುಕೊಂಡು ಹೋದರು. ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತೆಂದು ಕೊರಗುತ್ತಲೇ ಹೋದಳೇನೋ ಎಂಬ ಸಂಕಟ ಅವರನ್ನು ಹಿಂಡುತ್ತಿತ್ತು.

"ನಿಜ ಹೇಳಿ. ಅವಳಿಗೆ ಗೊತ್ತಾಗಿತ್ತಾ?"

ಉದ್ದಪ್ಪ ತಲೆ ತಗ್ಗಿಸಿದ. "ಆಸ್ಪತ್ರೇಲಿ ನಾನೇ ಹೇಳ್ದೆ. ಹೊಸ ಅಳತೆ ಬಂತು. ನಕ್ಷತ್ರದ ಉಂಡೆ ಮೇಡಮ್ ಅಂದ್ಕೊಂಡಿದ್ದಕ್ಕಿಂತ ಅಗಲ. ಅಂದ್ರೆ ಅಷ್ಟು ಭಾರಕ್ಕೂ ಕುಗ್ಗಿಲ್ಲ, ಒಳಗೆ ಗಟ್ಟಿ."

"ನೊಂದ್ಕೊಂಡ್ಳಾ?"

"ಅಳತೆ ಇನ್ನೊಂದ್ಸಲ ಓದಿಸ್ಕೊಂಡ್ರು. ಆಮೇಲೆ, 'ನಮ್ಮನೆಯವರಿಗೆ ಮಾತ್ರ ಹೇಳ್ಬೇಡಿ, ಅಂಗಡಿ ಮುಂದೆ ಬೋರ್ಡು ಹಾಕಿಸ್ತಾರೆ' ಅಂತ ನಕ್ಕರು."

ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಭುಜಗಳು ಕುಲುಕತೊಡಗಿದವು. ನಾದಿನಿ ನೀರು ಹಿಡಿದು ಓಡಿಬಂದಳು.

"ಅಳಲಿ ಬಿಡಿ," ಎಂದರು ಯಾರೋ. "ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ."

ಅವರ ನಗು ಯಾರಿಗೂ ಕಾಣದಂತೆ ಉದ್ದಪ್ಪ ಬಾಗಿಲಿಗೆ ಬೆನ್ನು ಮಾಡಿ ಅಡ್ಡ ನಿಂತುಕೊಂಡ.