ಇನ್ನೂರೈವತ್ತರ ಗುಂಡು

ಬಂದೂಕು ಹಿಂದಕ್ಕೆ ಒದ್ದ ರಭಸಕ್ಕೆ ಅದರ ಮೇಲಿದ್ದ ದುರ್ಬೀನಿನ ಅಂಚು ನನ್ನ ಹುಬ್ಬಿಗೆ ಬಡಿಯಿತು. ಬಲಗಣ್ಣಿನೊಳಗೆ ಬೆಚ್ಚಗೆ ಏನೋ ಇಳಿಯಿತು. ಜಲ್ಲಿಗುಂಡಿಯ ಆಚೆ ದಡದಿಂದ ಸದ್ದು ತಿರುಗಿ ಬರುವಷ್ಟರಲ್ಲಿ ರೈನೊ ದೊಡ್ಡಪ್ಪ ನಗಲು ಶುರುಮಾಡಿದ್ದ.

"ಮುತ್ತು ಕೊಡ್ತು ನೋಡು! ಮುನ್ನೂರು ಮ್ಯಾಗ್ನಂ ಮೊದಲ ಸಲ ಎಲ್ರಿಗೂ ಮುತ್ತು ಕೊಡುತ್ತೆ ಕಣೇ ಹೆಲ್ವಿ. ಇನ್ನೊಂದು ತೋಟಾ ಹಾಕು."

ತೋಳಿನಿಂದ ಕಣ್ಣು ಒರೆಸಿಕೊಂಡೆ. ತೋಳು ಕೆಂಪಾಯಿತು. ನೂರು ಗಜದಾಚೆಯ ರಟ್ಟಿನ ಮೇಲೆ ನನ್ನ ಗುಂಡು ಎಲ್ಲೂ ಕಾಣಲಿಲ್ಲ. ಅದೇ ಬಂದೂಕಿನಿಂದ ದೊಡ್ಡಪ್ಪ ಸ್ವಲ್ಪ ಮೊದಲು ಹಾರಿಸಿದ ಮೂರು ಗುಂಡುಗಳ ತೂತುಗಳಿದ್ದವು. ಒಂದು ಮೇಲಿನ ಮೂಲೆಯಲ್ಲಿ, ಒಂದು ನಡುವೆ, ಒಂದು ರಟ್ಟು ನಿಲ್ಲಿಸಿದ ಮರದ ಕಾಲಿನಲ್ಲಿ. ಅವನು ಹಾರಿಸುವಾಗ ನಾನು ರಟ್ಟನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದೆ. ಬಂದೂಕಿನ ಕುದುರೆ ಎಳೆಯುವ ಮುಂಚೆಯೇ ಅವನ ಎರಡೂ ಕಣ್ಣು ಮುಚ್ಚಿಕೊಂಡಿದ್ದವು.

"ನಾನು ಅಪ್ಪನದ್ದೇ ತರ್ತೀನಿ" ಎಂದೆ. "ಇನ್ನೂರೈವತ್ತು." ಗುಂಡಿನ ದಪ್ಪಕ್ಕೆ ನಮ್ಮಲ್ಲಿ ಹೀಗೆ ಅಂಕಿ ಹೇಳುತ್ತಾರೆ.

ನಗು ನಿಂತಿತು. "ತಂದ್ರೆ, ಆ ದಾರಿ ನೋಡ್ದ್ಯಾ? ಅದ್ರಲ್ಲೇ ವಾಪಸ್ ಹೋಗ್ಬೇಕಾಗುತ್ತೆ. ಮುನ್ನೂರಕ್ಕಿಂತ ಸಣ್ಣ ಗುಂಡು ಈ ಕ್ಯಾಂಪಿಗೆ ಬರಕೂಡದು. ಯಾಕೆ ಅಂತ ನಿಂಗೆ ನಾನು ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಬಗ್ಗಿ ಖಾಲಿ ತೋಟಾ ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಹಾರಿಸಿದ ಹಿತ್ತಾಳೆಯನ್ನು ನೆಲದಲ್ಲಿ ಬಿಟ್ಟು ಬರಬಾರದೆಂದು ಕಲಿಸಿದವನು ಅಪ್ಪ.

ನಮ್ಮ ಉತ್ತರ ಮಿಶಿಗನ್ನಿನಲ್ಲಿ ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರು. ಅಂದು ಶಾಲೆಗೂ ರಜೆ. ಅಜ್ಜ ಕಟ್ಟಿದ ಕ್ಯಾಂಪು ಈಗ ದೊಡ್ಡಪ್ಪನ ಹೆಸರಿನಲ್ಲಿದೆ. ಒಂದು ಕೋಣೆ, ಐದು ಮಂಚ, ಒಂದು ಒಲೆ, ಹೊರಗೆ ಬಿಸಿ ಹಬೆಯಲ್ಲಿ ಬೆವರುವ ಸೌನಾ ಕೋಣೆ. ಒಲೆಯ ಹಿಂದಿನ ಗೋಡೆಗೆ ಅಂಗಿಯ ತುದಿಗಳನ್ನು ಮೊಳೆ ಹೊಡೆದು ಸಿಕ್ಕಿಸಿದ್ದಾರೆ. ಗುರಿ ತಪ್ಪಿದವನ ಅಂಗಿಯ ಹಿಂಬದಿ ಕತ್ತರಿಸಿ ಗೋಡೆಗೇರಿಸುವುದು ಇಲ್ಲಿನ ಪದ್ಧತಿ. ತಪ್ಪಿದವರೇ ಬಿಯರ್ ಎತ್ತಿ ನಗುತ್ತಾರೆ. ಆದರೆ ಜಿಂಕೆಯನ್ನು ಗಾಯಗೊಳಿಸಿ ಕಳೆದುಕೊಂಡವನ ಅಂಗಿಗೆ ಯಾರೂ ನಗುವುದಿಲ್ಲ. ಆ ಗೋಡೆಯಲ್ಲಿ ಅಂಥದ್ದು ಒಂದೇ ಒಂದು. ಕೆಂಪು ಚೌಕಳಿ, ಮೇಲೆ ದೊಡ್ಡಪ್ಪನ ಕೈಬರಹ: 'ಸುಲೊ. ಇನ್ನೂರೈವತ್ತು. ಸಿಗಲಿಲ್ಲ.'

ಸುಲೊ ನನ್ನ ಅಪ್ಪ.

ಕಳೆದ ವರ್ಷ ಸೀಡರ್ ಮರಗಳ ಜವುಗಿನ ಈ ತುದಿಯಲ್ಲಿ ಅಪ್ಪ, ಆ ತುದಿಯಲ್ಲಿ ದೊಡ್ಡಪ್ಪ ಕೂತಿದ್ದರು. ಎಡಗಿವಿ ಎರಡಾಗಿ ಸೀಳಿದ್ದ ದೊಡ್ಡ ಗಂಡು ಜಿಂಕೆ ಬಂತು. ಅಪ್ಪ ಒಂದು ಗುಂಡು ಹೊಡೆದ. ಜಿಂಕೆ ದೊಡ್ಡಪ್ಪನ ಕಡೆಗೆ ಓಡಿತು, ಅವನೂ ಒಂದು ಹೊಡೆದ. ಆಮೇಲೆ ಎಲೆಗಳ ಮೇಲೆ ರಕ್ತ ಸಿಕ್ಕಿತು. ಯಾರ ಗುಂಡಿನದ್ದು? ದೊಡ್ಡಪ್ಪ ತನ್ನ ಗುಂಡು ಸೀಳಿಕೊಂಡು ಹೋದ ಸೀಡರ್ ಮರವನ್ನು ಎಲ್ಲರಿಗೂ ತೋರಿಸಿದ. ನಂದು ಮರಕ್ಕೆ ಬಿತ್ತು, ಮುನ್ನೂರು ತಾಗಿದ್ರೆ ಆ ಪ್ರಾಣಿ ಅಲ್ಲೇ ಬೀಳ್ತಿತ್ತು, ಎದ್ದು ಹೋಗಿದೆ ಅಂದ್ರೆ ಸಣ್ಣ ಗುಂಡೇ ಅಂದ. ಎಲ್ಲರೂ ಒಪ್ಪಿದರು. ಅಪ್ಪನೂ ಒಪ್ಪಿದ. ಮೊಣಕಾಲುದ್ದ ತಣ್ಣೀರಿನಲ್ಲಿ ಮೂರು ದಿನ ಹುಡುಕಿದ. ಮನೆಗೆ ಬಂದು ಬಂದೂಕನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. "ಎಲ್ಲೋ ಅದು ನರಳ್ತಾ ಬಿದ್ದಿದೆ ಹೆಲ್ವಿ" ಎಂದ. ನಾನೇನು ಹೇಳಿದೆ ಗೊತ್ತೇ? ದೊಡ್ಡ ತೋಟಾದ ಬಂದೂಕು ತಗೋ ಅಂತ ಹತ್ತು ಸಲ ಬಡ್ಕೊಂಡಿರಲಿಲ್ವಾ, ಅಂದೆ. ಫೆಬ್ರವರಿಯಲ್ಲಿ ಬಾಗಿಲೆದುರಿನ ಹಿಮ ಎತ್ತುತ್ತಿದ್ದವನು ಸಲಿಕೆಯ ಮೇಲೆಯೇ ಕುಸಿದ, ಮತ್ತೆ ಏಳಲಿಲ್ಲ.

ಸಂಜೆ ಕ್ಲೋವಿಸ್ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿಗಳನ್ನು ಒಲೆಯಿಂದ ತೆಗೆದ. ಕ್ಲೋವಿಸ್ ಅಪ್ಪನ ಸ್ನೇಹಿತ. ಮೊಣಕಾಲು ಹೋದ ಮೇಲೆ ಬಂದೂಕು ಬಿಟ್ಟು ಕ್ಯಾಂಪಿನ ಅಡುಗೆಗೆ ನಿಂತವನು. ನನ್ನ ಹುಬ್ಬಿನ ಮೇಲೆ ಪಟ್ಟಿ ಅಂಟಿಸುತ್ತಾ, "ಜಿಂಕೆಗೇನಾದ್ರೂ ಆಗುತ್ತೋ ಇಲ್ವೋ, ಹೊಡೆಯೋರಿಗಂತೂ ಒಳ್ಳೆ ತೋಟಾ ರೈನೊ ನಿಂದು" ಎಂದ.

"ನೀನು ಹಿಟ್ಟು ನಾದು. ಶಕ್ತಿ ಅಂದ್ರೆ ಶಕ್ತಿ. ಇದು ಆರುನೂರು ಗಜದಲ್ಲೂ ಕೊಲ್ಲುತ್ತೆ."

"ನಮ್ಮ ಜವುಗಲ್ಲಿ ಅರವತ್ತು ಗಜ ಆಚೆ ನಿನ್ನ ಹೆಂಡ್ತೀನೂ ಕಾಣಲ್ಲ."

"ಅವಳು ಕಾಣ್ದೇ ಇರ್ಲಿ ಅಂತಾನೇ ಇಲ್ಲಿಗೆ ಬರೋದು" ಎಂದ ದೊಡ್ಡಪ್ಪ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಊರಿನ ಅಂಗಡಿಯಲ್ಲಿ ಮಾಂಸ ಕತ್ತರಿಸುವವಳು. ಎಂಟು ವರ್ಷದಿಂದ ಜನ ತಂದು ಕೊಡುವ ಜಿಂಕೆಗಳನ್ನು ಸುಲಿದು ಕತ್ತರಿಸುತ್ತಿದ್ದೇನೆ. ದೊಡ್ಡ ತೋಟಾದವರು ತರುವ ಜಿಂಕೆಗಳಲ್ಲಿ ಅರ್ಧ ಭುಜ ಹೆಪ್ಪುಗಟ್ಟಿದ ರಕ್ತದ ಮುದ್ದೆ, ನಾಯಿಗೆ ಹಾಕಬೇಕು. ಎಲ್ಲಿ ಹೊಡೆಯುತ್ತಿದ್ದೇವೆಂದು ಗೊತ್ತಿದ್ದವರು ತರುವ ಜಿಂಕೆಗಳಲ್ಲಿ ಮುಂಗಾಲಿನ ಹಿಂದೆ ಒಂದು ಸಣ್ಣ ತೂತು, ಮಿಕ್ಕದ್ದೆಲ್ಲ ಊಟ. ಇಷ್ಟು ಗೊತ್ತಿದ್ದೂ ನಾನು ಅಪ್ಪನ ಗುರಿಯನ್ನು ನಂಬದೆ ದೊಡ್ಡ ತೋಟಾವನ್ನು ನಂಬಿದ್ದೆ. ಈ ಸಲ ಬಂದದ್ದು ಒಂದೇ ಕಾರಣಕ್ಕೆ: ಅವನ ಬಂದೂಕಿನಿಂದ, ಅವನ ಅಟ್ಟಣೆಯಲ್ಲಿ ಕೂತು, ಒಂದು ಜಿಂಕೆಯನ್ನು ಶುದ್ಧವಾಗಿ ಕೊಲ್ಲಬೇಕು. ಕೊಂದು ಆ ಚೌಕಳಿ ಬಟ್ಟೆಯನ್ನು ಗೋಡೆಯಿಂದ ಇಳಿಸಬೇಕು.

ಬೇಟೆಯ ಮೊದಲ ದಿನ ಬೆಳಿಗ್ಗೆ, ದೊಡ್ಡಪ್ಪ ಕೊಟ್ಟ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಹೊರಟು, ನನ್ನ ಟ್ರಕ್ಕಿನ ಸೀಟಿನ ಹಿಂದೆ ಅದನ್ನು ಇಟ್ಟು, ಕಂಬಳಿಯಲ್ಲಿ ಸುತ್ತಿದ್ದ ಅಪ್ಪನದನ್ನು ತೆಗೆದುಕೊಂಡೆ. ಹಗುರ. ಅಕ್ಟೋಬರಿನಲ್ಲಿ ಮನೆಯ ಹಿಂದೆ ಇದರಿಂದ ಹೊಡೆದ ಐದು ಗುಂಡುಗಳು ಒಂದು ಅಂಗೈ ಅಗಲದಲ್ಲಿ ಬಿದ್ದಿದ್ದವು. ಕಣ್ಣು ಮುಚ್ಚಬೇಕೆನಿಸಿರಲಿಲ್ಲ.

ಎಂಟೂವರೆಗೆ ಜವುಗಿನ ಅಂಚಿನಿಂದ ಒಂದು ಗಂಡು ಜಿಂಕೆ ಬಂತು. ಬಲ ಹಿಂಗಾಲನ್ನು ಕೊಂಚ ಎಳೆಯುತ್ತಿತ್ತು. ಎಂಬತ್ತು ಗಜದಲ್ಲಿ ಅಡ್ಡಲಾಗಿ ನಿಂತು ತಲೆಯೆತ್ತಿತು. ಮುಂಗಾಲಿನ ಹಿಂದಿನ ಮಡಿಕೆ ನೋಡಿದೆ. ಉಸಿರು ಅರ್ಧ ಬಿಟ್ಟು ಕುದುರೆ ಎಳೆದೆ. ಭುಜಕ್ಕೆ ಯಾರೋ ತಟ್ಟಿದ ಹಾಗಾಯಿತು, ಅಷ್ಟೇ. ಜಿಂಕೆ ನಲವತ್ತು ಹೆಜ್ಜೆ ಓಡಿ ಮುಗ್ಗರಿಸಿತು. ನಾನು ಹತ್ತಿರ ಹೋಗುವಷ್ಟರಲ್ಲಿ ಸತ್ತಿತ್ತು.

ಎಡಗಿವಿ ಎರಡಾಗಿ ಸೀಳಿತ್ತು.

ಮಂಡಿಯೂರಿ ಅಲ್ಲೇ ಕೂತುಬಿಟ್ಟೆ. ಬದುಕಿತ್ತು. ಅಪ್ಪ ಮೂರು ದಿನ ಹುಡುಕಿದ್ದು, ಚಳಿಗಾಲವೆಲ್ಲ ಕಿಟಕಿಯಲ್ಲಿ ಕೂತು ನರಳುವುದನ್ನು ಕೇಳಿಸಿಕೊಂಡದ್ದು, ಆಗೆಲ್ಲ ಇದು ಬದುಕಿತ್ತು. ಅವನು ಸತ್ತ.

ಸದ್ದು ಕೇಳಿ ದೊಡ್ಡಪ್ಪ ಬಂದ. ಜಿಂಕೆಯನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದ. "ಆ ಸದ್ದು ಮುನ್ನೂರಿಂದಲ್ಲ ಅಂತ ಅಲ್ಲೇ ಅಂದ್ಕೊಂಡೆ. ಗಂಟುಮೂಟೆ ಕಟ್ಟು."

"ಅದ್ರ ಕಿವಿ ನೋಡು."

ನೋಡಿದ. ಅವನ ಮುಖ ಬಿಗಿದುಕೊಂಡಿತು. "ನೋಡ್ದ್ಯಾ? ಇನ್ನೂರೈವತ್ತು ತಿಂದು ವರ್ಷವೆಲ್ಲ ಮೇಯ್ಕೊಂಡಿದೆ. ನಾನು ಹೇಳಿದ್ದೇ ಸರಿ" ಎಂದ.

ಈ ಸಲ ಹಿಮವಿರಲಿಲ್ಲ, ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಮಾಂಸ ಕೆಡುವ ಮುಂಚೆ ಚರ್ಮ ಬಿಡಿಸಬೇಕಿತ್ತು. "ಸುಲಿದು ಹೋಗ್ಲಿ ಬಿಡೋ" ಎಂದ ಕ್ಲೋವಿಸ್. "ನೀನು ಸುಲಿದ್ರೆ ಅರ್ಧ ಜಿಂಕೆ ಚರ್ಮದಲ್ಲೇ ಉಳಿಯುತ್ತೆ."

ಅಂಗಳದ ಅಡ್ಡಗಂಬಕ್ಕೆ ತಲೆಕೆಳಗಾಗಿ ಕಟ್ಟಿ, ಹಿಂಗಾಲಿನಿಂದ ಚರ್ಮ ಎಳೆಯತೊಡಗಿದೆ. ಮೊದಲು ಅಪ್ಪನ ಹಳೇ ಗುಂಡಿನ ಗಾಯಕ್ಕಾಗಿ ಪಕ್ಕೆಗಳನ್ನು, ಹೊಟ್ಟೆಯನ್ನು, ಎದೆಯನ್ನು ತಡವಿದೆ. ಎಲ್ಲೂ ಒಂದು ಕಲೆಯಿಲ್ಲ. ಇಂದಿನ ತೂತು ಬಿಟ್ಟರೆ ಮುಂಭಾಗವೆಲ್ಲ ನುಣ್ಣಗಿತ್ತು. ಬಲತೊಡೆಯ ಹಿಂಬದಿಯಲ್ಲಿ ಮಾತ್ರ ಚರ್ಮ ಮಾಂಸಕ್ಕೆ ಅಂಟಿಕೊಂಡಿತ್ತು. ಒಳಗೆ ಆಕ್ರೋಡಿನಷ್ಟು ದೊಡ್ಡ, ಬಿಳಿಯ ನಾರಿನ ಗಂಟು. ಸೀಳಿದಾಗ ಚಾಕು ಕಿರ್ ಎಂದಿತು.

ಗುಂಡು. ಮುಂದಿನ ತುದಿ ಅಣಬೆಯಂತೆ ಅರಳಿತ್ತು, ಬುಡ ಹಾಗೇ ದುಂಡಗೆ ಉಳಿದಿತ್ತು. ಅಣಬೆಯ ಮಡಿಕೆಯಲ್ಲಿ ಕೆಂಪಗಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಉಗುರಿನಿಂದ ಎಳೆದು ನೋಡಿದೆ. ಮರದ ನಾರು. ಸೀಡರ್.

ಜೇಬಿನಿಂದ ಎರಡು ಖಾಲಿ ತೋಟಾ ತೆಗೆದೆ, ನಿನ್ನೆಯದೊಂದು, ಇವತ್ತಿನದೊಂದು. ಗುಂಡಿನ ಬುಡವನ್ನು ಇನ್ನೂರೈವತ್ತರ ಬಾಯಿಗೆ ಇಟ್ಟು ಒತ್ತಿದೆ. ಹೋಗಲಿಲ್ಲ. ಬಾಯಿಗಿಂತ ಬುಡವೇ ದಪ್ಪ. ಮುನ್ನೂರರ ಬಾಯಿಗೆ ಇಟ್ಟೆ. ಒತ್ತುವ ಮೊದಲೇ ಒಳಗೆ ಕೂತಿತು.

"ಕ್ಲೋವಿಸ್, ಇಲ್ಲಿ ಬಾ. ದೊಡ್ಡಪ್ಪ, ನೀನೂ ಬಾ."

ಕ್ಲೋವಿಸ್ ಅದನ್ನು ತೆಗೆದ, ಮತ್ತೆ ಕೂರಿಸಿದ, ಮತ್ತೆ ತೆಗೆದ. ಅವನ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ. "ಮರವನ್ನೂ ಸೀಳಿದೆ, ಜಿಂಕೆಗೂ ತಾಗಿದೆ. ಮರದಲ್ಲೇ ಜೋರು ಮುಗಿದುಹೋಗಿದೆ. ಸುಲೊ ಗುಂಡು ಇದನ್ನ ಮುಟ್ಟೇ ಇಲ್ಲ ರೈನೊ. ಸುಮ್ನೆ ಗುರಿ ತಪ್ಪಿತ್ತು, ಅಷ್ಟೇ."

"ಬೇರೆ ಯಾವನೋ ಹೊಡೆದಿರ್ತಾನೆ."

"ಆ ಜವುಗಲ್ಲಿ ನಿಮ್ಮಿಬ್ರನ್ನ ಬಿಟ್ರೆ ಇನ್ಯಾವನಿದ್ದ? ಕಪ್ಪೆ ಹೊಡೀತಾ?"

ದೊಡ್ಡಪ್ಪ ಕಂಬಕ್ಕೆ ಕೈಯೂರಿದ. ನಾನು ಚಾಕು ಕೆಳಗಿಟ್ಟೆ, ಕೈಯಲ್ಲಿರುವುದು ಒಳ್ಳೆಯದಲ್ಲ ಅನ್ನಿಸಿತು.

"ನಿಂಗೆ ಗೊತ್ತಿತ್ತಾ?"

"ಆ ಕ್ಷಣ ನಂಗೂ ಖಚಿತ ಇರಲಿಲ್ಲ ಕಣೇ."

"ಆಮೇಲೆ?"

"ಹಿಂಗಾಲು ಕುಸಿದದ್ದು ಕಂಡ ಹಾಗಾಯ್ತು. ಆದ್ರೆ ಮುನ್ನೂರು ತಿಂದು ಯಾವ ಜಿಂಕೆ ಎದ್ದು ಹೋಗುತ್ತೆ? ನನ್ನ ಕಣ್ಣೇ ಸುಳ್ಳು ಅಂದ್ಕೊಂಡೆ. ಅಷ್ಟ್ರಲ್ಲಿ ಸುಲೊ ತಾನೇ ಒಪ್ಕೊಂಡ."

"ತಾನೇ ಒಪ್ಕೊಂಡ" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. "ಮೂರು ದಿನ ಅವನು ನೀರಲ್ಲಿ ಓಡಾಡ್ತಿದ್ದಾಗ ನೀನೆಲ್ಲಿದ್ದೆ? ಸೌನಾದಲ್ಲಿ. ಕುಸಿದದ್ದು ಕಂಡಿತು ಅಂತ ಒಂದು ಮಾತು. ಒಂದೇ ಒಂದು ಮಾತು! ಕಣ್ಣು ಮುಚ್ಕೊಂಡು ಹೊಡಿಯೋನು ನೀನು. ಅವನ ಅಂಗಿ ಕತ್ತರಿಸೋಕೆ ಮಾತ್ರ ಕಣ್ಣು ಬಿಟ್ಯಾ?"

"ಕೂಗಬೇಡ. ಪಕ್ಕದ ಕ್ಯಾಂಪಿನವರಿಗೆ ಕೇಳಿಸುತ್ತೆ."

"ಕೇಳಿಸ್ಲಿ."

ಅವನು ಒಳಗೆ ಹೋದ. ಮೊಳೆ ಕೀಳುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಅಪ್ಪನ ಚೌಕಳಿ ಬಟ್ಟೆಯಿತ್ತು. ಒಲೆಯ ಹೊಗೆಗೆ ಅದರ ಕೆಂಪು ಕಂದಾಗಿತ್ತು. ಅದನ್ನು ಮಡಚಿ, ನನ್ನ ಕಡೆ ನೋಡದೆ ಚಾಚಿದ.

"ತಗೋ. ಮುಗೀತು. ಸುಲೊ ಮಂಚ ನಿಂದು, ಅವನ ಅಟ್ಟಣೆ ನಿಂದು. ಪ್ರತಿ ವರ್ಷ ಬಾ, ಇನ್ನೂರೈವತ್ತನ್ನೇ ತಾ, ಯಾರೂ ಕೇಳಲ್ಲ. ಬೇಕಾದ್ರೆ ಕ್ಯಾಂಪಲ್ಲಿ ಅರ್ಧ ನಿನ್ನ ಹೆಸರಿಗೆ ಬರೆದುಕೊಡ್ತೀನಿ." ಇನ್ನೊಂದು ಕೈಯಿಂದ ಒಲೆಯ ಕಡೆ ತೋರಿಸಿದ. "ಆ ಗುಂಡನ್ನ ಮಾತ್ರ ಒಲೆಗೆ ಹಾಕಿಬಿಡು. ಕ್ಲೋವಿಸ್ ಬಾಯಿ ಬಿಡಲ್ಲ. ಈ ಮಾತು ಊರಿಗೆ ಹೋಗೋದು ಬೇಡ. ನನಗೆ ಎಪ್ಪತ್ತು ವರ್ಷ ಹೆಲ್ವಿ."

ತೆರೆದ ಬಾಗಿಲಿನಿಂದ ಗೋಡೆ ಕಾಣುತ್ತಿತ್ತು. ಬಟ್ಟೆ ಇದ್ದ ಜಾಗದಲ್ಲಿ ಹಲಗೆ ಬೆಳ್ಳಗೆ ಉಳಿದಿತ್ತು. ಅರ್ಧ ಕಿತ್ತ ಒಂದು ಮೊಳೆ ಅಲ್ಲೇ ನೇತಾಡುತ್ತಿತ್ತು.

ಗುಂಡನ್ನು ಮುನ್ನೂರರ ಖಾಲಿ ತೋಟಾದ ಬಾಯಿಗೆ ಕೂರಿಸಿ, ಎರಡನ್ನೂ ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡೆ.

"ಇಲ್ಲ" ಎಂದೆ. "ಹಾಕಲ್ಲ."