ಒಂದು ವಸ್ತ್ರದಷ್ಟು ಮಣ್ಣು

ಊಟಕ್ಕೆ ಮೊದಲೇ ಹೇಳಿಬಿಡಬೇಕೋ, ಊಟವಾದ ಮೇಲೋ? ಹಸಿದ ಹೊಟ್ಟೆಯಲ್ಲಿ ಕೇಳಿದರೆ ಮುದುಕ ತಡೆದುಕೊಂಡಾನೇ? ಊಟವಾದ ಮೇಲೆ ಅಂದರೆ, ಉಣ್ಣುವಷ್ಟು ಹೊತ್ತೂ ಅವನ ಎದುರಿಗೇ ಕೂತು ರೊಟ್ಟಿ ಮುರಿಯಬೇಕಲ್ಲ. ಇಬ್ರಾಹಿಂಸಾಬ ಅಪ್ಪನ ರಟ್ಟೆ ಹಿಡಿದು ಟಂಟಂ ಆಟೋದಿಂದ ಇಳಿಸುತ್ತಿದ್ದ. ಇಪ್ಪತ್ತಮೂರು ವರ್ಷ ಬಾಯಿ ಬಿಡದವನಿಗೆ ಇವತ್ತೇ ಯಾಕೆ ಈ ಅವಸರ ಎಂದು ತನ್ನನ್ನೇ ಕೇಳಿಕೊಂಡ. ಎದುರಿಗೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಕಣ್ಣು ಹಾಯುವವರೆಗೂ ತುಂಬಿ ನಿಂತಿತ್ತು.

ದಸರಾ ಸೂಟಿ. ಮಗಳು ತರನ್ನುಮಳ ಕ್ಲಾಸಿನ ಹುಡುಗಿಯೊಬ್ಬಳು ಕಾರವಾರಕ್ಕೆ ಹೋಗಿ ಸಮುದ್ರ ನೋಡಿ ಬಂದಿದ್ದಳು. ಅಂದಿನಿಂದ ಮನೆಯಲ್ಲಿ ಸಮುದ್ರದ್ದೇ ಮಾತು. ಕೊನೆಗೆ ಹೆಂಡತಿ ಮೆಹರಾಜ, "ಕಾರವಾರ ಯಾಕ ಬೇಕು? ನಿಮ್ಮಪ್ಪನ ಊರ ಮ್ಯಾಲ ಅಷ್ಟು ದೊಡ್ಡ ಸಮುದ್ರ ಐತಿ" ಎಂದು ಗಂಡನ ಮುಖ ನೋಡಿದ್ದಳು. ಸಿಂದಗಿಯಲ್ಲಿನ ತಮ್ಮ ಗಾದಿ ಅಂಗಡಿಗೆ ಒಂದು ದಿನ ಬೀಗ ಹಾಕಿಸಿದವಳೂ ಅವಳೇ. ಆದರೆ ಎಂಬತ್ತು ದಾಟಿದ, ಎರಡೂ ಕಣ್ಣಿಗೆ ಪೊರೆ ಬಂದ ಅಪ್ಪ ದಾವಲಮಲಿಕ, "ನಾನೂ ಬರ್ತೇನಿ" ಎಂದು ಹಟ ಹಿಡಿದು ಕೂತಾನೆಂದು ಯಾರೂ ಎಣಿಸಿರಲಿಲ್ಲ.

ತರನ್ನುಮ ಸಲವಾರು ಮೊಣಕಾಲತನಕ ಏರಿಸಿ ನೀರಿಗಿಳಿದಳು. ಬೊಗಸೆಯಲ್ಲಿ ಎತ್ತಿ ರುಚಿ ನೋಡಿದಳು.

"ಅವ್ವಾ, ಉಪ್ಪೇ ಇಲ್ಲ! ಇದೆಂಥಾ ಸಮುದ್ರ?"

"ಬುತ್ತಿ ಗಂಟಿನ್ಯಾಗ ಉಪ್ಪಿನ ಪುಡಿಕಿ ಐತಿ, ಹಾಕ್ಕೊಂಡು ಕುಡಿ."

"ತೆರೀನೂ ಭಾಳ ಸಣ್ಣವು."

"ತೆರಿ ಸಣ್ಣವಿರಲಿ, ಇನ್ನೊಂದು ಹೆಜ್ಜಿ ಮುಂದ ಇಡು, ನನ್ನ ಕೈ ಎಷ್ಟು ದೊಡ್ಡದೈತಿ ತೋರಸ್ತೇನಿ."

ಜಾಲಿ ಗಿಡದ ನೆರಳಲ್ಲಿ ಹಳೆಯ ಗಾದಿ ಗಲೀಫು ಹಾಸಿ ಕೂರಿಸಿದ್ದ ಮುದುಕ ಗೊಳ್ಳನೆ ನಕ್ಕ. ನಗು ಮುಗಿದ ಮೇಲೆ ನೀರಿನ ಸಪ್ಪಳದ ಕಡೆ ಮುಖ ತಿರುಗಿಸಿದ.

"ಇಬ್ರಾಹಿಂ, ಎಡಕ್ಕ ಗುಡ್ಡ ಕಾಣಸ್ತೈತೇನು?"

"ಹೂಂ ಅಪ್ಪಾ."

ಮುದುಕ ಕೋಲು ಎತ್ತಿದ. "ಅದರ ಬಲಕ್ಕ, ಇಲ್ಲಿ, ನಮ್ಮ ಓಣಿ. ಓಣಿ ಆಚಿ ತಗ್ಗಿನ್ಯಾಗ ಕಬರಸ್ತಾನ. ಒಂದು ಬೇವಿನ ಗಿಡ ಇತ್ತು."

ಕೋಲು ಒಂದು ಬೆರಳಷ್ಟೂ ಆಚೀಚೆಯಾಗಿರಲಿಲ್ಲ. ಆ ಬೇವನ್ನು ಕೊನೆಗೆ ನೋಡಿದವನು ಇಬ್ರಾಹಿಂಸಾಬ.

ಊರು ಖಾಲಿ ಮಾಡಿ ಸಿಂದಗಿಗೆ ಬಂದ ವರ್ಷ ಅಪ್ಪ ಅವನನ್ನು ಕೇಳಿದ್ದು ಒಂದೇ. "ಮಳಿಗಾಲಕ್ಕ ನೀರು ಬರ್ತೈತಿ. ಅದಕ್ಕೂ ಮೊದಲ ನಿಮ್ಮವ್ವನ ಗೋರಿ ಮಣ್ಣು ಒಂದು ವಸ್ತ್ರದಾಗ ಕಟ್ಕೊಂಡು ಬಾ." ಅದು ಗಾದಿ ಹೊಲಿಯುವ ದಿನಗಳು, ಎಲ್ಲೆಲ್ಲೂ ಮದುವೆ. ಮುದ್ದೇಬಿಹಾಳದಲ್ಲಿ ಅರಳೆ ಹಿಂಜುತ್ತ, ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ಅವನು ಮುಂದೂಡಿದ. ಹೋದಾಗ ನೀರಿನ ಮೇಲೆ ಬೇವಿನ ತುದಿಯಷ್ಟೇ ಅಲ್ಲಾಡುತ್ತಿತ್ತು. ಅರ್ಧ ದಿನ ದಂಡೆಯಲ್ಲಿ ಕೂತು ಎದ್ದು ಬಂದ. ವಾಪಸ್ಸು ಬರುವಾಗ ಕನ್ನೊಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಚಹಾಕ್ಕೆ ಹೋದರು. ಅವನು ರಸ್ತೆ ಪಕ್ಕ ಆಗಷ್ಟೇ ತೊಗರಿ ಬಿತ್ತಿದ್ದ ಹೊಲಕ್ಕಿಳಿದು ಹೆಗಲ ಮೇಲಿನ ವಸ್ತ್ರ ಹಾಸಿದ.

ಅಪ್ಪ ಬಾಗಿಲಲ್ಲೇ ಗಂಟು ಬಿಚ್ಚಿ, ಮಣ್ಣು ಮೂಸಿ, "ನಮ್ಮ ಊರಿನ ವಾಸನಿ" ಎಂದು ಅತ್ತುಬಿಟ್ಟಿದ್ದ. ಸಿಂದಗಿಯ ಕಬರಸ್ತಾನದಲ್ಲಿ ಆ ಮಣ್ಣನ್ನು ಹೂತು ಫಾತಿಹಾ ಓದಿದರು. ಕಲ್ಲು ನೆಟ್ಟು ಶಮ್ಶುನ್ನೀಸಾ ಎಂದು ಬರೆಸಿದರು. ಅಂದಿನಿಂದ ಪ್ರತಿ ವರ್ಷ ತೀರಿಕೊಂಡವರನ್ನು ನೆನೆಯುವ ಶಬೆ ಬರಾತಿಗೆ ಅಲ್ಲಿ ಹೂವು, ಊದಿನಕಡ್ಡಿ.

ಮೆಹರಾಜ ಸಜ್ಜೆ ರೊಟ್ಟಿ, ಕೋಳಿ ಪಲ್ಯ ಬಡಿಸಿದಳು. ಮುದುಕ ಬಿಸ್ಮಿಲ್ಲಾ ಎಂದು ರೊಟ್ಟಿ ಮುರಿದ.

"ಅಲ್ಲಾನ ದಯಾ ನೋಡು ಇಬ್ರಾಹಿಂ. ನಮ್ಮಪ್ಪ, ನಮ್ಮವ್ವ, ನನ್ನ ತಮ್ಮ, ಎಲ್ಲಾರೂ ಈ ನೀರಾಗ ಉಳದ್ರು. ನಿಮ್ಮವ್ವ ಒಬ್ಬಾಕಿ ಪಾರಾದ್ಲು. ನೀ ಅಕೀನ ಕರಕೊಂಡು ಬಂದಿ."

ಇಬ್ರಾಹಿಂಸಾಬ ಬಾಯಲ್ಲಿದ್ದ ತುತ್ತು ನುಂಗಿದ. ನೀರು ಕುಡಿದ. "ಅಪ್ಪಾ, ಆ ಮಣ್ಣಿಂದು ಒಂದು ಮಾತು..."

"ಗೊತ್ತೈತಿ, ಗೊತ್ತೈತಿ."

ಇಬ್ರಾಹಿಂಸಾಬನ ಕೈ ತಾಟಿನಲ್ಲೇ ನಿಂತಿತು.

"ಅಕಿ ಮಗ್ಗಲ ಜಾಗಾ ಕಬರಸ್ತಾನ ಕಮಿಟಿಯವರು ಬ್ಯಾರೇದವರಿಗೆ ಕೊಟ್ಟಾರಂತ ನಿನಗ ಚಿಂತಿ. ಶುಕ್ರವಾರ ನಾನ ಕೇಳೇನಿ. ನನಗಂತ ಬಿಟ್ಟಾರ." ಮುದುಕ ಬೆರಳು ಚೀಪಿದ. "ಜನ್ಮಪೂರ್ತಿ ಮಂದಿಗೆ ಗಾದಿ ಹೊಲದೇನಿ. ನನಗ ಅಕಿ ಮಗ್ಗಲಿಗೆ ಬರೇ ಮಣ್ಣು ಸಾಕು."

"ಸೂಟಿ ದಿವಸ ಇದೇನು ಮಾತ್ರಿ ಮಾಮಾ? ಇನ್ನೊಂದು ರೊಟ್ಟಿ ತಗೋರಿ" ಎಂದಳು ಮೆಹರಾಜ.

ಇಬ್ರಾಹಿಂಸಾಬ ಅರ್ಧಕ್ಕೆ ನಿಲ್ಲಿಸಿದ ಮಾತು ಏನೆಂದು ಯಾರೂ ಕೇಳಲಿಲ್ಲ.

ಬಿಸಿಲು ಇಳಿಯತೊಡಗಿದಾಗ ಹೊರಟರು. ಮುದುಕ ಮಾತ್ರ ಏಳಲೊಲ್ಲ. "ಆ ಕ್ಯಾನ್ ತುಂಬ್ಕೊಂಡು ಬಾ. ಈ ಹೊಳಿ ನೀರು ಅಂದ್ರ ಜೀವಾ ಬಿಡ್ತಿದ್ದಳು ಅಕಿ. ಇಷ್ಟು ವರ್ಷ ಗೋರಿಗೆ ಬೋರಿನ ನೀರು ಹಾಕೇವಿ."

"ಅಪ್ಪಾ, ದಂಡಿಗೆ ರಾಡಿ ಐತಿ, ಒಳಗ ಹೋಗು" ಎಂದು ತರನ್ನುಮ ಕೂಗಿದಳು. ಅವನು ಬೇವಿದ್ದ ದಿಕ್ಕಿಗೆ ಟೊಂಕಮಟ್ಟ ನೀರಿನತನಕ ಹೋದ. ಕ್ಯಾನು ಗುಳುಗುಳು ಎಂದು ತುಂಬುವವರೆಗೆ ನಿಂತ. ಕಾಲಡಿಯಲ್ಲಿ ಮೆತ್ತನೆಯ ಮಣ್ಣು ಬೆರಳ ಸಂದಿಗೆ ಏರುತ್ತಿತ್ತು. ಬಗ್ಗಿ, ಗದ್ದದವರೆಗೆ ಮುಳುಗಿ, ಒಂದು ಹಿಡಿ ಎತ್ತಿಕೊಂಡ. ಯಾರದೋ ಹೊಲದ್ದು. ಇದೂ ಅವ್ವನದಲ್ಲ. ಮುಷ್ಟಿ ಬಿಚ್ಚಿ ನೀರಲ್ಲಿ ಕೈ ತೊಳೆದುಕೊಂಡ.

"ನೀವೂ ಸಮುದ್ರದಾಗ ಈಜಿ ಬಂದ್ರೇನು?" ಒದ್ದೆ ಅಂಗಿ ನೋಡಿ ಮೆಹರಾಜ ನಕ್ಕಳು. ಅವನೂ ನಕ್ಕ.

ದಾರಿಯಲ್ಲಿ ಹಿಂದೆ ಕೂತವರೆಲ್ಲ ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದರು. ಕ್ಯಾನು ಅವನ ಕಾಲ ಬಳಿ ತುಳುಕುತ್ತಿತ್ತು. ಕನ್ನೊಳ್ಳಿ ದಾಟುವಾಗ ರಸ್ತೆಯ ಪಕ್ಕ ತೊಗರಿ ಆಳೆತ್ತರ ನಿಂತಿತ್ತು. ಅವನು ಆ ಕಡೆ ನೋಡಲಿಲ್ಲ.

ಸಿಂದಗಿ ಮುಟ್ಟಿದಾಗ ಸಂಜೆಯ ಮಗರಿಬ್ ಅಜಾನಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೆಹರಾಜ, ತರನ್ನುಮ ಟಂಟಂನಲ್ಲೇ ಉಳಿದರು. ದಾವಲಮಲಿಕ ಮಗನ ಹೆಗಲು ಹಿಡಿದು ಕಬರಸ್ತಾನದೊಳಗೆ ಬಂದ. ಕಲ್ಲನ್ನು ಕೈಯಿಂದ ತಡವಿ, ಹೆಸರಿನ ಮೇಲೆ ಬೆರಳಾಡಿಸಿ, ಕುಕ್ಕರಗಾಲಲ್ಲಿ ಕೂತ. ಎರಡೂ ಕೈಯಿಂದ ಕ್ಯಾನು ಬಾಗಿಸಿದ. ಒಣಗಿ ಬಿರುಕು ಬಿಟ್ಟಿದ್ದ ನೆಲ ಸುರ್ರೆಂದು ನೀರು ಎಳೆದುಕೊಂಡಿತು.

"ಕುಡ್ಯಾಕತ್ತಾಳ ನೋಡು" ಎಂದ ಮುದುಕ, ಕಿವಿಗೊಟ್ಟು. "ಎಷ್ಟು ವರ್ಷದ ನೀರಡಿಕಿ."

ಉಳಿದ ಚೂರು ನೀರನ್ನು ಪಕ್ಕದ ಖಾಲಿ ಜಾಗಕ್ಕೆ ಚೆಲ್ಲಿ, ಅಂಗೈಯಿಂದ ನೆಲ ಸವರಿದ. ಹಾಸಿದ ಗಾದಿಯ ಗಂಟು ನೋಡುವವನ ಹಾಗೆ.

ಆ ಕಲ್ಲಿನ ಕೆಳಗೆ ಇರುವುದು ಕನ್ನೊಳ್ಳಿಯ ತೊಗರಿ ಹೊಲದ ಮಣ್ಣು ಎಂದು ಇಬ್ರಾಹಿಂಸಾಬ ಹೇಳಲಿಲ್ಲ.