ಒಬ್ಬಳು ಮೇಲೆ ಹೋದರೆ

ತರೀಕೆರೆಯ ಪ್ರಾರ್ಥನಾಲಯಕ್ಕೆ ಹೊಸದಾಗಿ ಬಂದಿದ್ದ ಬೋಧಕರು ಆ ಭಾನುವಾರ ಅಂತ್ಯಕಾಲದ ಪ್ರವಾದನೆಗಳನ್ನು ಬಿಡಿಸಿ ಹೇಳಿದರು. ಯುದ್ಧ, ಭೂಕಂಪ, ಸೋಂಕು ಎಲ್ಲವೂ ಗುರುತುಗಳೇ. ಕರ್ತನು ಯಾವ ಗಳಿಗೆಯಲ್ಲಾದರೂ ಬರಬಹುದು.

"ಇಬ್ಬರು ಹೆಂಗಸರು ಒಂದೇ ಕಲ್ಲಲ್ಲಿ ಬೀಸ್ತಾ ಇರ್ತಾರೆ. ನಂಬಿದವಳು ರೆಪ್ಪೆ ಬಡಿಯೋದರೊಳಗೆ ಮೇಲಕ್ಕೆ. ನಂಬದವಳು ಇಲ್ಲೇ, ಬೆಂಕಿ-ಬರಗಾಲದ ಸಂಕಟಕಾಲಕ್ಕೆ!"

ಶಿವನಿ, ಅಜ್ಜಂಪುರದಿಂದ ಬಂದವರೂ ಸೇರಿ ಎಲ್ಲರೂ ಸ್ತೋತ್ರ ಎಂದರು. ಅನಿತಾಳಿಗೆ ಮಾತ್ರ ನಾಲಿಗೆ ಏಳಲಿಲ್ಲ.

ಅವಳ ಮನೆಯಲ್ಲಿದ್ದವರೂ ಇಬ್ಬರೇ. ಕ್ರೈಸ್ತರ ಹುಡುಗಿ ಶಿವಕುಮಾರನನ್ನು ಮೆಚ್ಚಿ ಮದುವೆಯಾಗಿ ಬಂದಾಗ, ಅತ್ತೆ ದುರ್ಗಮ್ಮ ವರ್ಷಗಟ್ಟಲೆ ಅವಳ ಕೈನೀರು ಮುಟ್ಟಿರಲಿಲ್ಲ. ಮಗ ತೀರಿಕೊಂಡ ಮೇಲೆ ಮುದುಕಿಗೆ ಲಕ್ವ ಹೊಡೆಯಿತು. ಈಗ ಉಣ್ಣಿಸುವುದೂ ಮಗ್ಗುಲು ಬದಲಿಸುವುದೂ ಅದೇ ಕೈ.

ಅತ್ತೆಯ ಗತಿಯೇನೆಂದು ಬೋಧಕರನ್ನು ಕೇಳಿದರೆ, "ಅತ್ತೆ ಬೇಗ ನಂಬಲಿ ಅಂತ ಪ್ರಾರ್ಥನೆ ಮಾಡಮ್ಮ" ಎಂದರು. ಅತ್ತೆಗೆ ಹೇಳಿದರೆ, "ನನ್ ದ್ಯಾವ್ರು ನಂಗಿರ್ಲಿ, ನಿಂದು ನಿಂಗಿರ್ಲಿ" ಎಂದು ಗೋಡೆಯತ್ತ ಮುಖ ತಿರುಗಿಸಿದಳು.

ಅಲ್ಲಿಂದ ಅನಿತಾ ನಿಂತಲ್ಲಿ ನಿಲ್ಲದಾದಳು. ರೈಲು ಕೂಗಿದರೂ ಕರ್ತನು ಬರುವಾಗ ಊದುವ ಕಡೇ ತುತೂರಿಯೇನೋ ಎಂದು ಹೊಲಿಗೆ ಬಿಟ್ಟು ಏಳುವಳು. ಗಂಜಿಗೆ ಇಟ್ಟ ಒಲೆಯನ್ನು ಆರಿಸಿ, ಮತ್ತೆ ಹಚ್ಚುವಳು. ತಾನಿಲ್ಲದಾಗ ಬೆಂಕಿ ಉರಿಯುತ್ತಲೇ ಇದ್ದರೆ? ಕೊನೆಗೆ ಪಕ್ಕದ ಮನೆಯ ಕುಬ್ರಾಳನ್ನು ಕರೆದು ಬೀಗದ ಕೈ ಕೊಟ್ಟಳು.

"ಎಲ್ಲಿಗೆ ಹೋಗ್ತೀಯೇ?"

"ಮೇಲಕ್ಕೆ. ಯಾವಾಗ ಅಂತ ಗೊತ್ತಿಲ್ಲ ಕಣೇ. ನಾನು ಕಾಣಿಸ್ದಿದ್ರೆ ಮೊದ್ಲು ಅತ್ತೆಗೆ ನೀರು ಕುಡಿಸು."

ಕುಬ್ರಾ ನಗಲಿಲ್ಲ. "ನಿಮ್ಮ ಕರ್ತನೇ ನಮ್ಗೆ ಈಸಾ ನಬಿ. ಮತ್ತೆ ಬರ್ತಾರೆ ಅಂತ ನಮ್ಮಲ್ಲೂ ಹೇಳ್ತಾರೆ. ಬರ್ಲಿ. ನೀರು ಕುಡಿಸ್ತೀನಿ ಬಿಡು."

ಈ ಮಾತು ಒಳಗಿದ್ದ ದುರ್ಗಮ್ಮನ ಕಿವಿಗೆ ಅರೆಬರೆ ಬಿತ್ತು. ಅನಿತಾ ತಿರುಗಿ ಬರುವಷ್ಟರಲ್ಲಿ ಮುದುಕಿ ಮಂಚದಿಂದ ಉರುಳಿ, ಒಂದೇ ಕೈ ಊರಿ ಹೊಸ್ತಿಲವರೆಗೆ ತೆವಳಿದ್ದಳು. ಸೊಸೆಯ ಸೆರಗು ಹಿಡಿದಳು.

"ಬಿಟ್ಟು ಹೋಯ್ತೀಯೇನೇ? ಆವತ್ತು ನೀರು ಮುಟ್ಲಿಲ್ಲ ಅಂತ್ಲಾ?"

"ಅಯ್ಯೋ, ಅದಕ್ಕಲ್ಲ ಕಣತ್ತೆ!" ಅನಿತಾ ಅವಳನ್ನು ಬಾಚಿ ತಬ್ಬಿದಳು. "ಎಲ್ಲೂ ಹೋಗಲ್ಲ."

ಹೇಳಿದ ಮೇಲೆ ತಾನೇ ಬೆಚ್ಚಿದಳು. ಆ ಮಾತು ಉಳಿಸಿಕೊಳ್ಳುವುದು ತನ್ನ ಕೈಯಲ್ಲಿತ್ತೇ?

ಮುಂದಿನ ಭಾನುವಾರ ಪ್ರಾರ್ಥನಾಲಯದಲ್ಲಿ, ಸಭೆಯವರು ತಮ್ಮ ಅನುಭವದ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತಳು.

"ಕರ್ತನು ಬಂದಾಗ ನನ್ನನ್ನೂ ಬಿಟ್ಟು ಹೋಗ್ಲಿ ಅಂತ ಕೇಳ್ಕೊಂಡಿದೀನಿ. ನಮ್ಮತ್ತೆ ಇರೋವರ್ಗೂ."

ಬೋಧಕರ ಮುಖ ಬಿಳುಪೇರಿತು. "ಅಂಥ ಪ್ರಾರ್ಥನೆ ಮಾಡಬಾರದಮ್ಮ. ಸಂಕಟಕಾಲ ಅಂದ್ರೆ ಏನೂಂತ ಗೊತ್ತಾ?"

"ಗೊತ್ತು ಅಯ್ಯನವ್ರೇ, ನೀವೇ ಹೇಳಿದ್ರಲ್ಲ. ಅದ್ಕೇ ಅವ್ರೊಬ್ಬರ್ನೇ ಬಿಡೋಕಾಗಲ್ಲ."

ಯಾರೂ ಸ್ತೋತ್ರ ಎನ್ನಲಿಲ್ಲ. ಪಕ್ಕದಲ್ಲಿದ್ದ ಅಂಜಿನಮ್ಮ ಅವಳನ್ನು ಕೈಹಿಡಿದು ಕೂರಿಸಿದಳು. ಸಭೆ ಮುಗಿಯುವವರೆಗೂ ಹಿಡಿದ ಕೈ ಸಡಿಲಿಸಲಿಲ್ಲ.

ಅನಿತಾ ಬಿಸಿಲಲ್ಲಿ ಮನೆಗೆ ಬಿರಬಿರನೆ ನಡೆದಳು. ಕರ್ತನು ಆ ಪ್ರಾರ್ಥನೆ ಕೇಳಿಸಿಕೊಂಡಿದ್ದರೂ ಭಯ, ಕೇಳಿಸಿಕೊಳ್ಳದಿದ್ದರೂ ಭಯ. ಅತ್ತೆಯ ಊಟದ ಹೊತ್ತು ಮೀರುತ್ತಿತ್ತು. ಇನ್ನಷ್ಟು ಬೇಗ ಹೆಜ್ಜೆ ಹಾಕಿದಳು.